ಅಡುಗೆಮನೆ ಗೋಡೆಗೆ ನೀವೇ ಟೈಲ್ಸ್ ಹಾಕುವುದು ಹೇಗೆ: ಗೋಡೆ ತಟ್ಟಿ ನೋಡುವುದರಿಂದ ಗ್ರೌಟ್ ಒರೆಸುವವರೆಗೆ

ತೀರ್ಥಹಳ್ಳಿಯಲ್ಲಿ ನಮ್ಮ ಸೋದರತ್ತೆಯ ಮನೆ. ಒಲೆಯ ಹಿಂದಿನ ಗೋಡೆಗೆ ಸೌಟು ತೂಗುಹಾಕುವ ಸ್ಟ್ಯಾಂಡ್ ಕೂರಿಸಬೇಕಿತ್ತು. ಡ್ರಿಲ್ ತಾಗಿದ್ದೇ ತಡ, ಇಡೀ ಟೈಲ್ ಬಿರುಕು ಬಿಟ್ಟು ಕಟ್ಟೆಯ ಮೇಲೆ ಬಿತ್ತು. ಅದರ ಹಿಂದೆ ನಿಂಬೆಹಣ್ಣಿನ ಗಾತ್ರದ ಐದು ಸಿಮೆಂಟ್ ಉಂಡೆಗಳು: ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಮಿಕ್ಕಿದ್ದೆಲ್ಲ ಪೊಳ್ಳು. ಆ ಪೊಳ್ಳಿನೊಳಗೆ ಜಿರಳೆ ಮೊಟ್ಟೆ, ಎಣ್ಣೆ ಜಿಡ್ಡು, ಮಳೆಗಾಲದಲ್ಲಿ ಹೊಕ್ಕು ಹೊರಬರದ ಥಂಡಿ. ಪಕ್ಕದ ಟೈಲ್‌ಗಳನ್ನು ನಾಣ್ಯದಿಂದ ತಟ್ಟಿದೆ. ಒಂದರ ನಂತರ ಒಂದು ಡಬ್ ಡಬ್ ಎಂದವು.

ಆ ಗೋಡೆಯನ್ನು ಪೂರ್ತಿ ಕಿತ್ತು ನಾವೇ ಹೊಸದಾಗಿ ಮಾಡಿದೆವು. ಟೈಲ್ ಹಾಕುವುದೆಂದರೆ ಟೈಲ್‌ನ ಹಿಂದೆ ಪೊಳ್ಳು ಇಲ್ಲದಂತೆ ಮಾಡುವುದು ಎಂದು ನನಗೆ ಮನವರಿಕೆಯಾದದ್ದು ಆ ಕೆಲಸದಲ್ಲಿ. ಬಣ್ಣ, ಡಿಸೈನ್, ಹೊಳಪು ಅಂಗಡಿಯಿಂದ ಬರುತ್ತವೆ. ಹಿಂದಿನ ಅಂಟು ಮಾತ್ರ ನಿಮ್ಮ ಕೈಯಿಂದಲೇ ಬರಬೇಕು.

ಮೊದಲ ಸಲ ಮಾಡುವವರಿಗೆ ಅಡುಗೆ ಕಟ್ಟೆಯ ಮೇಲಿನ ಗೋಡೆಯೇ ಸರಿ. ಎರಡು ಸಾಲಿನಲ್ಲಿ ಮುಗಿಯುತ್ತದೆ, ನಿಂತಲ್ಲೇ ಕೈಗೆಟುಕುತ್ತದೆ, ಕೆಳಗಿನ ಸಾಲಿಗೆ ಕಟ್ಟೆಯೇ ಆಸರೆ. ಬಚ್ಚಲುಮನೆಯ ಗೋಡೆಯಿಂದ ಶುರು ಮಾಡಬೇಡಿ. ಅಲ್ಲಿ ಟೈಲ್‌ಗೂ ಮೊದಲು ವಾಟರ್‌ಪ್ರೂಫಿಂಗ್ ಆಗಬೇಕು, ಅದೇ ಒಂದು ಬೇರೆ ಕೆಲಸ.

ಗೋಡೆ ಏನು ಹೇಳುತ್ತದೆ, ಮೊದಲು ಕೇಳಿ

ಟೈಲ್ಸ್ ಅಂಗಡಿಗೆ ಹೋಗುವ ಮೊದಲೇ ಗೋಡೆಯನ್ನು ಪರೀಕ್ಷಿಸಿ. ಸುತ್ತಿಗೆಯ ಹಿಡಿಯಿಂದ ಗೋಡೆಯುದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಗಾರೆ ಟಕ್ ಟಕ್ ಎನ್ನುತ್ತದೆ. ಡೊಳ್ಳಿನಂತೆ ಶಬ್ದ ಬಂದ ಕಡೆ ಗಾರೆ ಇಟ್ಟಿಗೆಯನ್ನು ಬಿಟ್ಟಿದೆ ಎಂದರ್ಥ. ಅಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅದನ್ನು ಕಿತ್ತು ಹೊಸ ಗಾರೆ ಮಾಡದೆ ಬೇರೆ ದಾರಿ ಇಲ್ಲ.

ಎರಡನೆಯದು ನೀರು. ಗೋಡೆಗೆ ಒಂದು ಹಿಡಿ ನೀರು ಚಿಮುಕಿಸಿ. ಗೋಡೆ ನೀರನ್ನು ಕುಡಿದರೆ ಅಂಟನ್ನೂ ಹಿಡಿಯುತ್ತದೆ. ಹನಿಹನಿಯಾಗಿ ಜಾರಿದರೆ ಮೇಲೆ ಆಯಿಲ್ ಪೇಂಟ್ ಇದೆ ಇಲ್ಲವೇ ವರ್ಷಗಟ್ಟಲೆ ಒಗ್ಗರಣೆಯ ಜಿಡ್ಡು ಕೂತಿದೆ.

ಮೂರನೆಯದು ಒಳಗಿನ ತೇವ. ಮಲೆನಾಡಿನವರೂ ಕರಾವಳಿಯವರೂ ಇದನ್ನು ಬಿಡಲೇಬಾರದು. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿ ಕೂತಿದ್ದರೆ ಗೋಡೆಯೊಳಗೆ ನೀರಿದೆ. ಅದು ಹೊರಗೋಡೆಯ ಬಿರುಕಿನಿಂದ ಬರುತ್ತಿದೆಯೋ ಒಳಗಿನ ಪೈಪಿನಿಂದಲೋ ಹುಡುಕಿ ನಿಲ್ಲಿಸಿ. ಥಂಡಿ ಹಿಡಿದ ಗೋಡೆಗೆ ಟೈಲ್ ಹಾಕಿದರೆ ಥಂಡಿ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ನಾವು ಕೆಲಸವನ್ನು ಶಿವರಾತ್ರಿ ಕಳೆದ ಮೇಲೆ ಇಟ್ಟುಕೊಂಡದ್ದು ಇದೇ ಕಾರಣಕ್ಕೆ. ಆಷಾಢದಲ್ಲಿ ಅಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಗೋಡೆ ಒಣಗುವ ಮಾತೆಲ್ಲಿ.

ಎರಡು ಬಗೆಯ ಗೋಡೆಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಹಳೆಯ ಮನೆಗಳ ಮಣ್ಣಿನ ಗೋಡೆ, ಸುಣ್ಣದ ಗಾರೆಯ ಗೋಡೆಗೆ ನೇರವಾಗಿ ಟೈಲ್ ಹಾಕಬೇಡಿ. ಆ ಗೋಡೆ ಮೆದು. ಟೈಲ್‌ನ ಭಾರಕ್ಕೆ ಮೇಲ್ಪದರವೇ ಕಿತ್ತು ಬರುತ್ತದೆ. ಇನ್ನು ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಒಳಗೋಡೆಗೆ ಜಿಪ್ಸಮ್ ಪ್ಲಾಸ್ಟರ್ ಮಾಡಿರುವುದುಂಟು. ಜಿಪ್ಸಮ್ಮಿಗೂ ಸಿಮೆಂಟಿಗೂ ತೇವದ ಜೊತೆ ಸೇರಿದರೆ ಆಗಿಬರುವುದಿಲ್ಲ. ನಡುವೆ ಹರಳು ಬೆಳೆದು ಅಂಟು ಬಿಟ್ಟುಕೊಳ್ಳುತ್ತದೆ. ಅಂಥ ಗೋಡೆಗೆ ಮೊದಲು ಅದಕ್ಕೆಂದೇ ಇರುವ ಪ್ರೈಮರ್ ಹೊಡೆಯಲೇಬೇಕು.

ಲೆಕ್ಕ ಮತ್ತು ಖರೀದಿ

ನಮ್ಮ ಗೋಡೆಯ ಲೆಕ್ಕವನ್ನೇ ಹೇಳುತ್ತೇನೆ. ಕಟ್ಟೆಯ ಉದ್ದ 10 ಅಡಿ, ಅಂದರೆ 3048 ಮಿ.ಮೀ. ಕಟ್ಟೆಯಿಂದ ಮೇಲಿನ ಕಪಾಟಿನವರೆಗೆ 2 ಅಡಿ, ಅಂದರೆ 610 ಮಿ.ಮೀ. ಆರಿಸಿದ ಟೈಲ್ 300 x 450 ಮಿ.ಮೀ., ಅಂಗಡಿಯವರ ಭಾಷೆಯಲ್ಲಿ ಹನ್ನೆರಡು-ಹದಿನೆಂಟು. ಅದನ್ನು ಅಡ್ಡಡ್ಡ ಮಲಗಿಸಿದರೆ ಎರಡು ಸಾಲಿಗೆ 600, ನಡುವಿನ ಸಂದಿಗೆ 2, ಕಟ್ಟೆಯ ಬಳಿ 3. ಒಟ್ಟು 605. ಕಪಾಟಿನ ಕೆಳಗೆ 5 ಮಿ.ಮೀ. ಉಳಿಯಿತು. ಎತ್ತರಕ್ಕೆ ಒಂದೂ ಟೈಲ್ ಕತ್ತರಿಸಬೇಕಾಗಲಿಲ್ಲ. ಬಣ್ಣ ನೋಡುವ ಮೊದಲು ಈ ಗಣಿತ ಮಾಡಿಕೊಂಡರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಉದ್ದಕ್ಕೆ ಆರು ಇಡೀ ಟೈಲ್ ಹಿಡಿಸಿ, ಏಳು ಸಂದಿಗೆ 2ರಂತೆ 14 ಕಳೆದರೆ 334 ಮಿ.ಮೀ. ಉಳಿಯುತ್ತದೆ. ಅದನ್ನು ಒಂದೇ ಕೊನೆಗೆ ತಳ್ಳಿದರೆ ಒಂದು ಬದಿ ಇಡೀ ಟೈಲ್, ಇನ್ನೊಂದು ಬದಿ ತುಂಡು, ನೋಡಲು ಓರೆ. ಎರಡು ಕೊನೆಗೂ 167ರಂತೆ ಹಂಚಿ. ಒಂದು ಟೈಲ್‌ನಲ್ಲೇ ಆ ಎರಡೂ ತುಂಡು ಸಿಗುತ್ತವೆ, ಎರಡಕ್ಕೂ ಒಂದೊಂದು ಕಾರ್ಖಾನೆಯ ಅಂಚು ಉಳಿಯುತ್ತದೆ. ಹೀಗೆ ಸಾಲಿಗೆ ಏಳು, ಎರಡು ಸಾಲಿಗೆ ಹದಿನಾಲ್ಕು. ನಮಗೆ ಸಿಕ್ಕ ಪೆಟ್ಟಿಗೆಯಲ್ಲಿ ಆರು ಟೈಲ್ ಇದ್ದವು. ಮೂರು ಪೆಟ್ಟಿಗೆ ತಂದೆವು. ಮಿಗುವ ನಾಲ್ಕು ಒಡೆದುಹೋಗುವುದಕ್ಕೂ ಮುಂದಿನ ರಿಪೇರಿಗೂ ಬೇಕೇ ಬೇಕು.

ನಮ್ಮ ದೇಶದ ಟೈಲ್ಸ್‌ನಲ್ಲಿ ಬಹುಪಾಲು ಗುಜರಾತಿನ ಮೋರ್ಬಿಯಿಂದ ಬರುತ್ತದೆ. ಒಂದೇ ಡಿಸೈನ್ ಆದರೂ ಬೇರೆ ಬೇರೆ ದಿನ ಸುಟ್ಟದ್ದರಲ್ಲಿ ಬಣ್ಣ ಕೊಂಚ ಏರುಪೇರಾಗುವುದು ಸಹಜ. ಎಲ್ಲ ಪೆಟ್ಟಿಗೆಯ ಮೇಲೂ ಬ್ಯಾಚ್ ನಂಬರ್, ಶೇಡ್ ನಂಬರ್ ಒಂದೇ ಇದೆಯೇ ಎಂದು ಅಂಗಡಿಯಲ್ಲೇ ನೋಡಿ. ಮನೆಗೆ ತಂದು ಗೋಡೆಗೆ ಹಾಕಿದ ಮೇಲೆ ನೋಡಿ ಪ್ರಯೋಜನವಿಲ್ಲ.

ಒಳಗೋಡೆಗೆ ಸೆರಾಮಿಕ್ ವಾಲ್ ಟೈಲ್ ಸಾಕು. ಅದು ಹಗುರ, ಕತ್ತರಿಸಲು ಮೆದು. ತನ್ನ ತೂಕದ ನೂರಕ್ಕೆ 10ಕ್ಕಿಂತ ಹೆಚ್ಚು ನೀರು ಹೀರುತ್ತದೆ, ಹಾಗಾಗಿ ಸಿಮೆಂಟಿನ ಅಂಟು ಅದರ ಬೆನ್ನಿನೊಳಗೆ ಇಳಿದು ಹಿಡಿಯುತ್ತದೆ. ವಿಟ್ರಿಫೈಡ್ ಟೈಲ್ ನೂರಕ್ಕೆ 0.5ರಷ್ಟೂ ಹೀರುವುದಿಲ್ಲ. ಬರೀ ಸಿಮೆಂಟ್ ಹಾಲಿನಲ್ಲಿ ಅಂಟಿಸಿದ ವಿಟ್ರಿಫೈಡ್ ಟೈಲ್ ಗೋಡೆಯಿಂದ ಉದುರುವುದು ಇದೇ ಕಾರಣಕ್ಕೆ.

ಅಂಟಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ: ಮೊದಲ ಸಲ ಮಾಡುವವರು ಸಿಮೆಂಟ್-ಮರಳು ಬಿಟ್ಟು ಚೀಲದಲ್ಲಿ ಬರುವ ಟೈಲ್ ಅಡ್ಹೆಸಿವ್ ಬಳಸಿ. ಸಿಮೆಂಟ್ ಗಾರೆಯಲ್ಲಿ ಮಟ್ಟ ಕೂರಿಸಲು ವರ್ಷಗಳ ಕೈ ಬೇಕು. ಅಡ್ಹೆಸಿವ್ ಟೈಲ್ ಜಾರದಂತೆ ಹಿಡಿದು, ಸರಿಪಡಿಸಲು ಸ್ವಲ್ಪ ಹೊತ್ತನ್ನೂ ಕೊಡುತ್ತದೆ. ಚೀಲದ ಮೇಲೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನದಂಡ) ಎಂಬ ಗುರುತು ನೋಡಿ. ಅದರಲ್ಲಿ ಟೈಪ್ 1 ಒಳಗೋಡೆಯ ಸಾಮಾನ್ಯ ಸೆರಾಮಿಕ್ ಟೈಲ್‌ಗೆ ಸಾಕು. ವಿಟ್ರಿಫೈಡ್ ಅಥವಾ ದೊಡ್ಡ ಟೈಲ್ ಆದರೆ ಟೈಪ್ 2 ಅಥವಾ ಅದಕ್ಕೂ ಮೇಲಿನದು. ನಮ್ಮ 20 ಚದರಡಿಗೆ 20 ಕೆಜಿಯ ಒಂದು ಚೀಲ ಸಾಕಾಗಿ ಮಿಕ್ಕಿತು.

ಇದರ ಜೊತೆಗೆ 6 ಮಿ.ಮೀ. ಹಲ್ಲಿನ ಕರಣೆ, ಮಾಮೂಲಿ ಕರಣೆ, ಟೈಲ್ ನಡುವೆ ಸಮ ಸಂದಿ ಬಿಡಲು 2 ಮಿ.ಮೀ. ಸ್ಪೇಸರ್, ರಬ್ಬರ್ ಸುತ್ತಿಗೆ, ಎರಡಡಿಯ ರಸಮಟ್ಟ, ಟ್ಯೂಬ್ ಲೆವೆಲ್, ತೂಕದ ಗುಂಡು, ಆ ಸಂದಿ ತುಂಬಲು ಒಂದು ಕೆಜಿ ಗ್ರೌಟ್, ಗ್ರೌಟ್ ತುಂಬುವ ರಬ್ಬರ್ ಪಟ್ಟಿ, ಸ್ಪಂಜು, ಒಂದು ಟ್ಯೂಬ್ ಸಿಲಿಕೋನ್. ಟೈಲ್ ಕಟರ್ ಕೊಳ್ಳಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯವರನ್ನೋ ಪರಿಚಯದ ಮೇಸ್ತ್ರಿಯವರನ್ನೋ ಕೇಳಿದರೆ ಎರಡು ದಿನಕ್ಕೆ ಬಾಡಿಗೆಗೆ ಸಿಗಬಹುದು.

ಕಚ್ಚು ಹೊಡೆಯುವ ದಿನ

ಒಲೆ, ಡಬ್ಬಿ, ನೀರಿನ ಫಿಲ್ಟರ್ ಎಲ್ಲ ಹೊರಗೆ. ಕಟ್ಟೆಯ ಗ್ರಾನೈಟ್ ಮೇಲೆ ದಪ್ಪ ರಟ್ಟು ಹಾಸಿ, ಅದರ ಮೇಲೆ ಹಳೇ ಬೆಡ್‌ಶೀಟ್. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಇಲ್ಲದಿದ್ದರೆ ಗಾರೆ ಪುಡಿ ಪೈಪಿನಲ್ಲಿ ಕೂತು ಗಟ್ಟಿಯಾಗುತ್ತದೆ. ಆ ಗೋಡೆಯ ಸ್ವಿಚ್‌ಬೋರ್ಡಿನ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಟೆಸ್ಟರ್ ಇಟ್ಟು ಕರೆಂಟ್ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಬೋರ್ಡಿನ ಮುಖ ಬಿಚ್ಚಿ.

ಬಣ್ಣವನ್ನೂ ಪುಟ್ಟಿಯನ್ನೂ ಗಾರೆ ಕಾಣುವವರೆಗೆ ಕೆರೆಯಬೇಕು. ಪುಟ್ಟಿಯ ಮೇಲೆ ಹಾಕಿದ ಟೈಲ್ ಪುಟ್ಟಿಯನ್ನು ಹಿಡಿದಿರುತ್ತದೆ, ಗೋಡೆಯನ್ನಲ್ಲ. ಕೆರೆದ ಮೇಲೆ ಉಳಿ-ಸುತ್ತಿಗೆ ಹಿಡಿದು ಎರಡಿಂಚಿಗೊಂದರಂತೆ ಸಣ್ಣ ಕಚ್ಚು ಹೊಡೆಯಿರಿ. ಇದು ಬೇಸರದ ಕೆಲಸ, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇಲ್ಲದೆ ಮಾಡಬೇಡಿ. ನಮಗೆ ಅರ್ಧ ದಿನ ಹಿಡಿಯಿತು, ಆ ಅರ್ಧ ದಿನವನ್ನು ಉಳಿಸಲು ಯಾರೂ ನೋಡಬಾರದು.

ಆಮೇಲೆ ಆರಡಿಯ ಅಲ್ಯೂಮಿನಿಯಂ ಪಟ್ಟಿಯನ್ನು ಗೋಡೆಗೆ ಅಡ್ಡ, ಉದ್ದ, ಓರೆ ಎಲ್ಲ ಕಡೆ ಇಟ್ಟು ನೋಡಿ. ಪಟ್ಟಿಗೂ ಗೋಡೆಗೂ ನಡುವೆ 3 ಮಿ.ಮೀ.ಗಿಂತ ಹೆಚ್ಚು ಸಂದಿ ಕಂಡರೆ ಆ ತಗ್ಗು ತುಂಬಬೇಕು. ಸಣ್ಣ ತಗ್ಗಿಗೆ ಹಿಂದಿನ ದಿನವೇ ಅಡ್ಹೆಸಿವ್ ತುಂಬಿ ಒಣಗಿಸಿದರಾಯಿತು. ದೊಡ್ಡದಕ್ಕೆ ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಗಾರೆ ಮಾಡಿ, ಏಳು ದಿನ ನೀರುಣಿಸಿ, ಚೆನ್ನಾಗಿ ಒಣಗಲು ಬಿಡಿ. ಗೋಡೆಯ ತಗ್ಗನ್ನು ಟೈಲ್ ಅಂಟಿಸುವಾಗ ಹೆಚ್ಚು ಅಂಟು ಹಾಕಿ ಸರಿಮಾಡಲು ಹೋದರೆ ಟೈಲ್ ಒಣಗುವಾಗ ಒಳಕ್ಕೆ ಎಳೆದುಕೊಳ್ಳುತ್ತದೆ, ಮಟ್ಟ ಕೆಡುತ್ತದೆ.

ಮಟ್ಟದ ಗೆರೆ

ಕಟ್ಟೆ ಮಟ್ಟವಾಗಿದೆ ಎಂದು ನಂಬಬೇಡಿ. ನೀರು ಸಿಂಕಿನ ಕಡೆ ಹರಿಯಲೆಂದು ಎಷ್ಟೋ ಕಟ್ಟೆಗಳಿಗೆ ಕೊಂಚ ಇಳಿಜಾರು ಕೊಟ್ಟಿರುತ್ತಾರೆ. ಹತ್ತಡಿ ಉದ್ದಕ್ಕೆ ಎರಡಡಿಯ ರಸಮಟ್ಟ ಸಾಲದು. ಪಾರದರ್ಶಕ ಪೈಪಿಗೆ ನೀರು ತುಂಬಿದ ಟ್ಯೂಬ್ ಲೆವೆಲ್ಲೇ ಸರಿ. ಪೈಪಿನೊಳಗೆ ಒಂದೂ ಗಾಳಿಗುಳ್ಳೆ ಇರಬಾರದು. ಒಂದು ತುದಿ ಒಬ್ಬರು ಹಿಡಿಯಬೇಕು, ಇನ್ನೊಂದು ಇನ್ನೊಬ್ಬರು.

ನಮ್ಮಲ್ಲಿ ಆ ತುದಿ ಹಿಡಿದದ್ದು ಅತ್ತೆ.

"ಅತ್ತೆ, ನಿಮ್ ಕಡೆ ನೀರು ನಿಂತ್ತಾ?"

"ಎಲ್ ನಿಂತಿದೆಯೋ, ಇನ್ನೂ ಕುಣೀತಿದೆ. ನೀ ಅಲ್ಲಾಡಿಸಬೇಡ."

ಎರಡೂ ತುದಿಯಲ್ಲಿ ನೀರು ಕುಣಿಯುವುದನ್ನು ನಿಲ್ಲಿಸಿದ ಮೇಲೆ ಎರಡೂ ಕಡೆ ಪೆನ್ಸಿಲ್ ಗುರುತು. ಆ ಎರಡು ಗುರುತಿಗೆ ನೀಲಿ ಪುಡಿ ಹಚ್ಚಿದ ದಾರ ಬಿಗಿದು ಎಳೆದು ಬಿಟ್ಟರೆ ಗೋಡೆಗೆ ನೇರ ಗೆರೆ ಬೀಳುತ್ತದೆ. ಆ ಗೆರೆಯಿಂದ ಕೆಳಕ್ಕೆ ಕಟ್ಟೆಯವರೆಗೆ ನಾಲ್ಕೈದು ಕಡೆ ಅಳೆಯಿರಿ. ನಮ್ಮ ಕಟ್ಟೆ ಸಿಂಕಿನ ಬಳಿ 2 ಮಿ.ಮೀ. ತಗ್ಗಿತ್ತು. ಇಷ್ಟು ವ್ಯತ್ಯಾಸ ಕಟ್ಟೆಯ ಬಳಿಯ ಸಿಲಿಕೋನ್ ಸಂದಿಯಲ್ಲಿ ಮುಚ್ಚಿಹೋಗುತ್ತದೆ. 5 ಮಿ.ಮೀ. ಮೀರಿದರೆ ಅತಿ ತಗ್ಗಿನ ಜಾಗದಿಂದ ಲೆಕ್ಕ ಹಿಡಿದು, ಕಟ್ಟೆ ಏರಿದ ಕಡೆ ಟೈಲ್‌ನ ಕೆಳ ಅಂಚನ್ನು ಉಜ್ಜಿ ಕೂರಿಸಬೇಕಾಗುತ್ತದೆ. ಏನೇ ಆದರೂ ಟೈಲ್ ಅನುಸರಿಸಬೇಕಾದದ್ದು ಮಟ್ಟದ ಗೆರೆಯನ್ನು, ಕಟ್ಟೆಯನ್ನಲ್ಲ.

ಗೋಡೆಯ ನಡುವಿನಲ್ಲಿ ತೂಕದ ಗುಂಡು ಇಳಿಬಿಟ್ಟು ಒಂದು ನೆಟ್ಟನೆ ಗೆರೆ ಹಾಕಿ. ಟೈಲ್‌ಗಳು ಈ ಗೆರೆಯಿಂದ ಎಡಕ್ಕೂ ಬಲಕ್ಕೂ ಹೋಗುತ್ತವೆ. ಅಂಟು ಕಲಸುವ ಮೊದಲು ಒಂದು ಸಾಲನ್ನು ಕಟ್ಟೆಯ ಮೇಲೆ ಸ್ಪೇಸರ್ ಸಮೇತ ಒಣದಾಗಿ ಜೋಡಿಸಿ ನೋಡಿ. ಸ್ವಿಚ್‌ಬೋರ್ಡ್ ಯಾವ ಟೈಲ್‌ನ ಎಲ್ಲಿ ಬರುತ್ತದೆ ಎನ್ನುವುದು ಆಗಲೇ ಗೊತ್ತಾಗುತ್ತದೆ.

ಕಲಸುವುದು, ಅಂಟಿಸುವುದು

ಬಕೆಟ್ಟಿಗೆ ಮೊದಲು ನೀರು, ಆಮೇಲೆ ಪುಡಿ. ತಿರುಗಾಮುರುಗಾ ಮಾಡಿದರೆ ತಳದಲ್ಲಿ ಗಂಟು ಉಳಿಯುತ್ತದೆ. ನೀರಿನ ಅಳತೆ ಚೀಲದ ಮೇಲೆ ಬರೆದಷ್ಟೇ. ಒಂದು ಸಲಕ್ಕೆ ನಾಲ್ಕೈದು ಕೆಜಿಗಿಂತ ಹೆಚ್ಚು ಕಲಸಬೇಡಿ. ಕಲಸಿ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಲಸಿ. ಹದ ಉದ್ದಿನ ವಡೆಯ ಹಿಟ್ಟಿನಂತಿರಬೇಕು: ಕರಣೆಯಲ್ಲಿ ಎತ್ತಿ ಓರೆ ಮಾಡಿದರೆ ಉಂಡೆ ಆಕಾರ ಬಿಡದೆ ನಿಲ್ಲಬೇಕು. ದೋಸೆ ಹಿಟ್ಟಿನಂತೆ ಹರಿದರೆ ನೀರು ಹೆಚ್ಚಾಗಿದೆ. ಗಟ್ಟಿಯಾಗತೊಡಗಿದ ಅಂಟಿಗೆ ಮತ್ತೆ ನೀರು ಹಾಕಿ ಎಬ್ಬಿಸಬೇಡಿ, ಅದರ ಶಕ್ತಿ ಹೋಗಿರುತ್ತದೆ. ಚೆಲ್ಲಿ ಹೊಸದು ಕಲಸಿ.

ಅಡ್ಹೆಸಿವ್ ಬಳಸುವಾಗ ಟೈಲ್‌ಗಳನ್ನು ನೀರಿನಲ್ಲಿ ನೆನೆಹಾಕಬೇಕಿಲ್ಲ. ನೆನೆಸುವುದು ಸಿಮೆಂಟ್ ಗಾರೆಯ ಪದ್ಧತಿ. ಬೆನ್ನಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆರಲು ಬಿಟ್ಟರೆ ಸಾಕು. ಗೋಡೆಗೆ ಮಾತ್ರ ಒದ್ದೆ ಸ್ಪಂಜು ಆಡಿಸಿ, ನೀರು ಇಳಿಯುವಷ್ಟು ಬೇಡ.

ಈಗ ಮುಖ್ಯ ಕೆಲಸ. ಕರಣೆಯ ನುಣುಪು ಬದಿಯಿಂದ ಗೋಡೆಗೆ ಒಂದು ತೆಳುಪದರವನ್ನು ಒತ್ತಿ ಉಜ್ಜಿ. ಅದರ ಮೇಲೆ ಇನ್ನಷ್ಟು ಅಂಟು ಹಾಕಿ, ಹಲ್ಲಿನ ಬದಿಯನ್ನು ಓರೆ ಹಿಡಿದು ಒಂದೇ ದಿಕ್ಕಿಗೆ ಎಳೆಯಿರಿ. ನೇಗಿಲ ಸಾಲಿನಂತೆ ಗೆರೆಗಳು ಏಳುತ್ತವೆ. ಸುತ್ತಿ ಸುತ್ತಿ ಎಳೆದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಒಂದು ಸಲಕ್ಕೆ ಎರಡು ಮೂರು ಟೈಲ್‌ನಷ್ಟು ಜಾಗಕ್ಕೆ ಮಾತ್ರ ಹಚ್ಚಿ. ಬೇಸಿಗೆಯಲ್ಲಿ ಹತ್ತಿಪ್ಪತ್ತು ನಿಮಿಷಕ್ಕೆಲ್ಲ ಮೇಲ್ಮೈ ಒಣಗಿ ಪೊರೆ ಕಟ್ಟುತ್ತದೆ. ಬೆರಳಿಗೆ ಅಂಟದಿದ್ದರೆ ಟೈಲ್‌ಗೂ ಅಂಟದು.

ಟೈಲ್‌ನ ಬೆನ್ನಿಗೂ ಒಂದು ತೆಳುಪದರ ಸವರಿ. ಕಟ್ಟೆಯ ಮೇಲೆ 3 ಮಿ.ಮೀ. ಸ್ಪೇಸರ್ ಅಥವಾ ಅಷ್ಟೇ ದಪ್ಪದ ರಟ್ಟಿನ ತುಂಡಿಟ್ಟು, ನಡುಗೆರೆಗೆ ಅಂಚು ಹೊಂದಿಸಿ, ಟೈಲನ್ನು ಗೋಡೆಗೆ ಒತ್ತಿ. ಒತ್ತುತ್ತಲೇ ಗೆರೆಗಳಿಗೆ ಅಡ್ಡಲಾಗಿ ಬೆರಳಗಲದಷ್ಟು ಅತ್ತಿತ್ತ ಸರಿಸಿ. ಆಗ ಸಾಲುಗಳು ಕುಸಿದು ಒಂದರೊಳಗೊಂದು ಸೇರುತ್ತವೆ, ನಡುವಿನ ಗಾಳಿ ಹೊರಬೀಳುತ್ತದೆ. ರಬ್ಬರ್ ಸುತ್ತಿಗೆಯಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ತಟ್ಟಿ, ರಸಮಟ್ಟ ಇಟ್ಟು ನೋಡಿ.

ಮೊದಲ ಟೈಲ್ ಕೂರಿಸಿದ ಕೂಡಲೇ ಅದನ್ನು ಕಿತ್ತುಬಿಡಿ. ಹೌದು, ಕಿತ್ತು ತಿರುಗಿಸಿ ಬೆನ್ನು ನೋಡಿ. ನಮ್ಮ ಮೊದಲ ಟೈಲ್‌ನ ನಡುಭಾಗವೆಲ್ಲ ಅಂಟಿನಿಂದ ತುಂಬಿತ್ತು, ಆದರೆ ಮೇಲಿನ ಎರಡು ಮೂಲೆ ಅಂಗೈಯಗಲ ಬೋಳಾಗಿದ್ದವು. ಕರಣೆಯನ್ನು ತೀರಾ ಮಲಗಿಸಿ ಎಳೆದದ್ದರಿಂದ ಸಾಲುಗಳು ಗಿಡ್ಡವಾಗಿದ್ದವು. ಕರಣೆಯನ್ನು ಇನ್ನಷ್ಟು ಎತ್ತಿ ಹಿಡಿದ ಮೇಲೆ ಎರಡನೇ ಸಲ ಮೂಲೆಯವರೆಗೂ ತುಂಬಿತು. ಒಣ ಜಾಗದಲ್ಲಿ ಬೆನ್ನಿನ ನೂರಕ್ಕೆ 80ರಷ್ಟಾದರೂ, ನೀರು ಬೀಳುವ ಕಡೆ 95ರಷ್ಟು ಅಂಟು ಹಿಡಿದಿರಬೇಕು. ಸಿಂಕಿನ ಹಿಂದಿನ ಟೈಲ್‌ಗಳಿಗೆ ಎರಡನೆಯ ಲೆಕ್ಕವನ್ನೇ ಇಟ್ಟುಕೊಳ್ಳಿ. ಪ್ರತಿ ಐದಾರು ಟೈಲ್‌ಗೊಮ್ಮೆ ಹೀಗೆ ಒಂದನ್ನು ಕಿತ್ತು ನೋಡುವುದು ಒಳ್ಳೆಯದು.

ಕೆಳಸಾಲು ಮುಗಿದ ಮೇಲೆ ಮೇಲಿನ ಸಾಲು. ನಾಲ್ಕು ಟೈಲ್ ಸೇರುವಲ್ಲಿ ಸ್ಪೇಸರ್. ಸಂದಿಯಿಂದ ಉಕ್ಕಿದ ಅಂಟನ್ನು ಆಗಲೇ ಕೆರೆದು ತೆಗೆಯಿರಿ, ಒಣಗಿದರೆ ಗ್ರೌಟಿಗೆ ಜಾಗವಿರುವುದಿಲ್ಲ. ಕಟ್ಟೆಯಿಲ್ಲದ ಗೋಡೆಯಾದರೆ ಕೆಳಗಿನ ಒಂದು ಸಾಲು ಬಿಟ್ಟು ಅದರ ಮೇಲೆ ಮಟ್ಟಕ್ಕೆ ಮರದ ರೀಪರ್ ಹೊಡೆದು, ಅದನ್ನೇ ಆಸರೆ ಮಾಡಿಕೊಂಡು ಎರಡನೇ ಸಾಲಿನಿಂದ ಶುರು ಮಾಡಬೇಕು. ಬಿಟ್ಟ ಸಾಲು ಮರುದಿನ.

ಕತ್ತರಿಸುವುದು

ನೇರ ತುಂಡಿಗೆ ಕೈ ಕಟರ್ ಸಾಕು. ಟೈಲ್‌ನ ಹೊಳೆಯುವ ಮೈ ಮೇಲಿರಲಿ, ಚಕ್ರದಿಂದ ಒಂದೇ ಸಲ, ಒಂದೇ ಒತ್ತಡದಲ್ಲಿ ಗೀರಿ, ಹಿಡಿ ಒತ್ತಿ ಮುರಿಯಿರಿ. ಎರಡು ಮೂರು ಸಲ ಗೀರಿದರೆ ಅಂಚು ಚಕ್ಕೆ ಏಳುತ್ತದೆ. ಕತ್ತರಿಸಿದ ಅಂಚು ಗೋಡೆಯ ಮೂಲೆಗೆ, ಕಾರ್ಖಾನೆಯ ಅಂಚು ಪಕ್ಕದ ಟೈಲ್‌ಗೆ.

ಸ್ವಿಚ್‌ಬೋರ್ಡಿನ ಕಿಂಡಿಗೆ ಡೈಮಂಡ್ ಬ್ಲೇಡ್ ಹಾಕಿದ ಕಟಿಂಗ್ ಮಷಿನ್ ಬೇಕು. ಇದನ್ನು ಅಂಗಳದಲ್ಲೇ ಮಾಡಿ. ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಷಿನ್ ಕೈಯಲ್ಲಿ ಹಿಡಿದು ಅಭ್ಯಾಸವಿಲ್ಲದಿದ್ದರೆ ಟೈಲ್ ಮೇಲೆ ಗುರುತು ಹಾಕಿ ಮೇಸ್ತ್ರಿಯವರ ಬಳಿ ಕೊಯ್ಯಿಸಿ ತನ್ನಿ, ಅದರಲ್ಲಿ ಸಂಕೋಚವೇನಿಲ್ಲ. ಟೈಲ್ ಮತ್ತು ಅಂಟು ಸೇರಿ ಗೋಡೆ ಹೆಚ್ಚು ಕಡಿಮೆ 12 ಮಿ.ಮೀ. ಮುಂದೆ ಬಂದಿರುತ್ತದೆ, ಹಾಗಾಗಿ ಬೋರ್ಡಿನ ಮುಖ ಮತ್ತೆ ಕೂರಿಸಲು ಹಳೆಯ ಸ್ಕ್ರೂ ಎಟುಕುವುದಿಲ್ಲ. ಉದ್ದದ ಸ್ಕ್ರೂ ಮೊದಲೇ ತಂದಿಡಿ.

ಗ್ರೌಟ್, ಸಿಲಿಕೋನ್

24 ಗಂಟೆ ಗೋಡೆಯನ್ನು ಮುಟ್ಟಬೇಡಿ. ಆಮೇಲೆ ನಾಣ್ಯ ತೆಗೆದುಕೊಂಡು ಪ್ರತಿ ಟೈಲ್‌ನ ನಾಲ್ಕು ಮೂಲೆ, ನಡುವೆ ತಟ್ಟಿ. ಡಬ್ ಎಂದರೆ ಆ ಟೈಲನ್ನು ಈಗಲೇ ತೆಗೆದು ಮತ್ತೆ ಹಾಕಿ. ಗ್ರೌಟ್ ತುಂಬಿದ ಮೇಲೆ ಒಂದನ್ನು ಕೀಳಲು ಹೋದರೆ ಪಕ್ಕದ್ದೂ ಒಡೆಯುತ್ತದೆ.

ಗ್ರೌಟ್ ಎರಡು ಬಗೆ. ಸಿಮೆಂಟ್ ಗ್ರೌಟ್ ಅಗ್ಗ, ತುಂಬುವುದೂ ಸುಲಭ, ಆದರೆ ಒಲೆಯ ಹಿಂದೆ ಅರಿಸಿನದ ಕಲೆ ಕುಡಿಯುತ್ತದೆ. ಎಪಾಕ್ಸಿ ಗ್ರೌಟ್ ದುಬಾರಿ, ರಾಳ, ಹಾರ್ಡ್‌ನರ್, ಪುಡಿ ಮೂರನ್ನೂ ಹೇಳಿದ ಅಳತೆಯಲ್ಲೇ ಬೆರೆಸಬೇಕು, ಬೇಗ ಗಟ್ಟಿಯಾಗುತ್ತದೆ. ಆದರೆ ಕಲೆ ಹಿಡಿಯುವುದಿಲ್ಲ. ಅಡುಗೆಮನೆಗೆ ನಾನು ಎಪಾಕ್ಸಿಯನ್ನೇ ಹೇಳುತ್ತೇನೆ. ಸ್ವಲ್ಪ ಸ್ವಲ್ಪವೇ ಬೆರೆಸಿ, ಮೂರು ನಾಲ್ಕು ಟೈಲ್ ಮುಗಿಸಿ, ಒರೆಸಿ ಮುಂದೆ ಹೋಗಿ. ಟೈಲ್ ಮೇಲೆ ಒಣಗಲು ಬಿಟ್ಟ ಎಪಾಕ್ಸಿಯ ಮಬ್ಬು ಆಮೇಲೆ ಸುಲಭಕ್ಕೆ ಹೋಗುವುದಿಲ್ಲ.

ಸ್ಪೇಸರ್ ತೆಗೆದು, ಸಂದಿಯ ದೂಳನ್ನು ಬ್ರಷ್‌ನಿಂದ ಗುಡಿಸಿ. ರಬ್ಬರ್ ಪಟ್ಟಿಯಿಂದ ಸಂದಿಗೆ ಓರೆಯಾಗಿ ಎಳೆಯುತ್ತಾ ಗ್ರೌಟನ್ನು ಆಳಕ್ಕೆ ಒತ್ತಿ. ನೇರವಾಗಿ ಎಳೆದರೆ ತುಂಬಿದ್ದು ಹಿಂದೆಯೇ ಎದ್ದು ಬರುತ್ತದೆ. ಕೊಂಚ ಬಿಗಿದ ಮೇಲೆ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ, ನೀರು ಪದೇ ಪದೇ ಬದಲಿಸಿ. ಕೆಲಸ ಮುಗಿದ ಮೇಲೆ ಆಸಿಡ್ ಹಾಕಿ ತೊಳೆಯುವ ರೂಢಿ ಕೆಲವು ಕಡೆ ಇದೆ. ಅದು ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ, ಸಿಂಕಿನ ಸ್ಟೀಲನ್ನೂ ಕಪ್ಪು ಮಾಡುತ್ತದೆ. ಬೇಡ.

ಟೈಲ್ ಕಟ್ಟೆಯನ್ನು ಸೇರುವ ಸಂದಿಗೂ ಎರಡು ಗೋಡೆ ಕೂಡುವ ಒಳಮೂಲೆಗೂ ಗ್ರೌಟ್ ಹಾಕಬೇಡಿ. ಗ್ರಾನೈಟ್ ಕಟ್ಟೆ, ಗೋಡೆ ಎರಡೂ ಬಿಸಿಗೆ, ಭಾರಕ್ಕೆ ಬೇರೆ ಬೇರೆ ರೀತಿ ಅಲುಗುತ್ತವೆ, ಗಟ್ಟಿ ಗ್ರೌಟ್ ಕೂದಲೆಳೆಯಷ್ಟು ಸೀಳುತ್ತದೆ, ನೀರು ಅಲ್ಲೇ ಇಳಿಯುತ್ತದೆ. ಅಲ್ಲಿಗೆ ಸಿಲಿಕೋನ್. ಸಂದಿ ಪೂರ್ತಿ ಒಣಗಿರಲಿ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ನಿಲ್ಲಿಸದೆ ಒಂದೇ ಎಳೆತದಲ್ಲಿ ತುಂಬಿ, ಸೋಪಿನ ನೀರು ಮುಟ್ಟಿಸಿದ ಬೆರಳಿನಿಂದ ಸವರಿ, ಅದು ಹಸಿಯಿರುವಾಗಲೇ ಟೇಪ್ ಕೀಳಿ. ಇನ್ನೊಂದು ದಿನ ಅಲ್ಲಿ ಪಾತ್ರೆ ತೊಳೆಯುವುದು ಬೇಡ.

ಮಿಕ್ಕ ಟೈಲ್‌ಗಳನ್ನು ಅವುಗಳ ಪೆಟ್ಟಿಗೆಯಲ್ಲೇ ಅಟ್ಟದ ಮೇಲಿಡಿ, ಶೇಡ್ ನಂಬರಿನ ಚೀಟಿ ಹರಿಯದಂತೆ. ಅತ್ತೆಯ ಸೌಟಿನ ಸ್ಟ್ಯಾಂಡಿಗೆ ನಾವು ತೂತು ಕೊರೆದದ್ದು ಒಂದು ವಾರ ಬಿಟ್ಟು. ಟೈಲ್ ಮೇಲೆ ಟೇಪ್ ಅಂಟಿಸಿ, ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ, ಗಾಜು-ಟೈಲ್‌ಗೆಂದೇ ಬರುವ ಬಿಟ್ ಹಾಕಿ, ನಿಧಾನಕ್ಕೆ. ಟೈಲ್ ದಾಟಿದ ಮೇಲೆ ಬಿಟ್ ಎಲ್ಲೂ ದಡಕ್ಕನೆ ಒಳಕ್ಕೆ ಹೋಗಲಿಲ್ಲ. ಅಂಟು, ಗಾರೆ, ಇಟ್ಟಿಗೆ, ಉದ್ದಕ್ಕೂ ಗಟ್ಟಿಯೇ ಸಿಕ್ಕಿತು.